ಓಡುವ ಕುದುರೆ, ಬಾರದ ಬಿಲ್ಲು

ಯಜಮಾನರಿಗೆ ಕುದುರೆಯೇ ಬೇಕಿತ್ತು. ಅವರ ಜವಳಿ ಅಂಗಡಿಗೆ ನಾನು ವಿಷುಯಲ್ ಬೇಸಿಕ್ 6ರಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದ ಕಾಲ. ಲೆಕ್ಕ ಸರಿ ಬರುತ್ತದೋ ಇಲ್ಲವೋ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಬಿಲ್ಲು ಬರುವವರೆಗೆ ಮೌಸಿನ ಬಾಣದ ಜಾಗದಲ್ಲಿ ಕಾಣುತ್ತಿದ್ದ ಚಿತ್ರವನ್ನು ತೋರಿಸಿ, "ಆ ಮರಳು ಗಡಿಯಾರ ತೆಗೆದ್ಹಾಕಪ್ಪ, ನೋಡ್ತಾ ಕೂತ್ರೆ ಗಿರಾಕಿಗೆ ಆಕಳಿಕೆ ಬರುತ್ತೆ" ಎಂದರು. ವಿಂಡೋಸಿನ ಕರ್ಸರ್ ಫೋಲ್ಡರಿನಲ್ಲಿ ತನ್ನ ಸಿಪ್ಪೆ ತಾನೇ ಸುಲಿದುಕೊಳ್ಳುವ ಬಾಳೆಹಣ್ಣಿತ್ತು, ಡೈನೋಸಾರಿತ್ತು, ಓಡುವ ಕುದುರೆಯಿತ್ತು. ಬಾಳೆಹಣ್ಣು ರೇಷ್ಮೆ ಸೀರೆಗೆ ಒಪ್ಪುವುದಿಲ್ಲ ಎಂದು ಅವರೇ ತೀರ್ಪು ಕೊಟ್ಟರು.

ಆದರೆ ವಿಬಿ ಕುದುರೆಯನ್ನು ಒಳಗೆ ಬಿಟ್ಟುಕೊಳ್ಳಬೇಕಲ್ಲ! ಮೌಸ್‌ಪಾಯಿಂಟರ್ 99 ಎಂದು ಬರೆದರೆ ನಮ್ಮದೇ ಚಿತ್ರ ಹಾಕಬಹುದು ನಿಜ, ಆದರೆ ಅದು ಅಲುಗಾಡಕೂಡದು. ಅಲುಗಾಡುವ ಚಿತ್ರದ ಎಎನ್‌ಐ ಫೈಲು ಕೊಟ್ಟರೆ 'ಇನ್‌ವ್ಯಾಲಿಡ್ ಪಿಕ್ಚರ್' ಎಂದು ಮುಖ ಸಿಂಡರಿಸುತ್ತಿತ್ತು. ಹಿತ್ತಿಲ ಬಾಗಿಲೇ ಗತಿ. ವಿಂಡೋಸ್ ಎಪಿಐನ ಲೋಡ್‌ಕರ್ಸರ್‌ಫ್ರಮ್‌ಫೈಲನ್ನು ಕರೆದು, ಅದು ಕೊಟ್ಟ ಹ್ಯಾಂಡಲನ್ನು ಸೆಟ್‌ಕ್ಲಾಸ್‌ಲಾಂಗಿಗೆ ಒಪ್ಪಿಸಿದೆ. ಕುದುರೆ ಬಂತು. ಒಂದು ಫಾರ್ಮಿಗಲ್ಲ, ಅದೇ ಕ್ಲಾಸಿನ ಎಲ್ಲ ಫಾರ್ಮುಗಳಿಗೂ ಬಂತು. ಬಟನ್ ಮೇಲೆ ಹೋದರೆ ಮಾತ್ರ ಕುದುರೆ ಮಾಯ, ಹಳೇ ಬಾಣ ಹಾಜರ್. ಬಟನ್ನಿನ ಕ್ಲಾಸೇ ಬೇರೆಯಂತೆ.

"ಇನ್ನೂ ಸ್ವಲ್ಪ ಜೋರಾಗಿ ಓಡ್ಲಿ" ಎಂದರು ಯಜಮಾನರು. ಫೈಲಿನ ಹೊಟ್ಟೆ ಬಗೆದು ನೋಡಿದೆ: 32×32 ಚುಕ್ಕಿಗಳ ಪುಟ್ಟ ಚಿತ್ರಗಳ ಸಾಲು, ಒಂದೊಂದೂ ಎಷ್ಟು ಹೊತ್ತು ನಿಲ್ಲಬೇಕೆಂಬ ಲೆಕ್ಕ 'ಜಿಫಿ'ಗಳಲ್ಲಿ. 60 ಜಿಫಿಗೆ ಒಂದು ಸೆಕೆಂಡು. ಜಿಫಿ ಇಳಿಸಿದೆ. ಕುದುರೆ ಕಾಲು ಕಿತ್ತುಕೊಂಡು ಓಡಿತು, ಬಿಲ್ಲು ಮೊದಲಿನಷ್ಟೇ ನಿಧಾನಕ್ಕೆ ಬಂತು. "ಈಗ ಎಷ್ಟು ಫಾಸ್ಟಾಯ್ತು ನೋಡು!" ಎಂದು ಅವರು ಬೆನ್ನು ತಟ್ಟಿದರು. ನಾನು ಬೇಡವೆನ್ನಲಿಲ್ಲ.

ಇದರಲ್ಲೊಂದು ಮರ್ಮವಿದೆ. ಕುದುರೆಯನ್ನು ಓಡಿಸುವುದು ವಿಂಡೋಸ್, ನಮ್ಮ ಪ್ರೋಗ್ರಾಮಲ್ಲ. ಪ್ರೋಗ್ರಾಂ ಹ್ಯಾಂಗ್ ಆಗಿ ಉಸಿರು ನಿಂತಿದ್ದರೂ ಕುದುರೆಯದು ಅದೇ ಉತ್ಸಾಹ. ದೀಪಾವಳಿ ಜಾತ್ರೆಯಂಥ ಜನದ ನಡುವೆ ಗುಮಾಸ್ತ, "ಓಡ್ತಾ ಇದೆಯಮ್ಮ, ಇನ್ನೇನು ಬಂದ್ಬಿಡುತ್ತೆ" ಎಂದು ಗಿರಾಕಿಗಳನ್ನು ಸಮಾಧಾನಪಡಿಸುತ್ತಿದ್ದ. ಅಲುಗಾಡದ ಮರಳು ಗಡಿಯಾರವಾಗಿದ್ದರೆ ಇಷ್ಟು ಹೊತ್ತಿಗೆ ನನಗೆ ಫೋನು ಬರುತ್ತಿತ್ತು.

2007ರಲ್ಲಿ ಇದೇ ಎಎನ್‌ಐ ಫೈಲುಗಳ ಒಳಗೆ ಅಡಗಿ ಕಳ್ಳರು ಬಂದರು. ಫೈಲಿನ ವಿವರ ಹೊತ್ತ ಹೆಡರು 36 ಬೈಟಿರಬೇಕು. ಮೊದಲ ಹೆಡರನ್ನು ಅಳೆಯುತ್ತಿದ್ದ ವಿಂಡೋಸ್ ಎರಡನೆಯದನ್ನು ಅಳೆಯದೆ ನುಂಗುತ್ತಿತ್ತು. ಟ್ರಾಯ್ ಪಟ್ಟಣದವರನ್ನು ಕೇಳಿದ್ದರೆ ಮೊದಲೇ ಬುದ್ಧಿ ಹೇಳುತ್ತಿದ್ದರು. ಮೈಕ್ರೋಸಾಫ್ಟ್ ತನ್ನ ತಿಂಗಳ ಸರದಿಗೂ ಕಾಯದೆ ಏಪ್ರಿಲ್ 3ರಂದು ಪ್ಯಾಚ್ ಬಿಟ್ಟಿತು. ಅಂಗಡಿಗೆ ಹೋಗಿ ವಿಷಯ ತಿಳಿಸಿದೆ. ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ನಮ್ದು ಅಂಗಡಿ ಬಿಟ್ಟು ಹೊರಗೆ ಹೋಗದ ಕುದುರೆ ಕಣಪ್ಪ. ಅದಕ್ಯಾಕೆ ಚುಚ್ಚುಮದ್ದು?"