ಡಿಸ್ಕ್ ಕಂಟ್ರೋಲರ್ ಕಾರ್ಡ್ ಮೀಮಾಂಸೆ: ಹರಪನಹಳ್ಳಿಯನ್ನು ವಿಶೇಷವಾಗಿ ಅನುಲಕ್ಷಿಸಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚತಾಲ್ಲೂಕು ಭೂಸಾಂಸ್ಕೃತಿಕ ಆವರಣದಲ್ಲಿ ಹಳೆಯ ಕಂಪ್ಯೂಟರಿನ ಡಿಸ್ಕ್ ಕಂಟ್ರೋಲರ್ ಕಾರ್ಡಿನ ಬಹುಆಯಾಮಿ ಅನನ್ಯತೆಯನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ. ಇಂಥದ್ದೊಂದು ವಾಕ್ಯವಿಲ್ಲದೆ ವಿಚಾರ ಸಂಕಿರಣದ ಊಟದ ಕೂಪನ್ ಸಿಗುವುದಿಲ್ಲ.

ಮೊದಲು ವರ್ಗೀಕರಣ. ಡಿಸ್ಕಿನ ತಟ್ಟೆಯ ಒಂದು ಸುತ್ತಿಗೆ, ಅಂದರೆ ಟ್ರ್ಯಾಕಿಗೆ, 17 ಸೆಕ್ಟರ್ ಬರೆಯುವ ಎಂಎಫ್‌ಎಂ ಪಂಥ, 26 ತುರುಕುವ ಆರ್‌ಎಲ್‌ಎಲ್ ಪಂಥ, ಗುಜರಿ ಸೇರಿದ ಪಂಥ. ಮೊದಲೆರಡೂ ಈಗ ಮೂರನೆಯದರಲ್ಲೇ ಲೀನವಾಗಿರುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಅದಕ್ಕೆ ಸ್ವಂತ ಬುದ್ಧಿ ಕಮ್ಮಿ. ಹೆಡ್ಡನ್ನು ಸರಿಸು ಎಂದರೆ ಸರಿಸುತ್ತದೆ, ತಟ್ಟೆಯ ಮೇಲಿನ ಮಿಡಿತಗಳನ್ನು ಇದ್ದಂತೆಯೇ ಕಳಿಸುತ್ತದೆ. ಸೆಕ್ಟರ್ ಎಲ್ಲಿ ಶುರು, ಅಕ್ಷರ ಯಾವುದು ಎಂದು ತೀರ್ಮಾನಿಸುವುದು ಕಾರ್ಡು. 34 ತಂತಿಯ ಕೇಬಲ್ಲಿನಲ್ಲಿ ಅಪ್ಪಣೆ, 20 ತಂತಿಯದರಲ್ಲಿ ಮಾಹಿತಿ. ಒಂದು ಕಂಪನಿಯ ಕಾರ್ಡು ಬರೆದದ್ದನ್ನು ಇನ್ನೊಂದರ ಕಾರ್ಡು ಎಷ್ಟೋ ಸಲ ಓದುತ್ತಿರಲಿಲ್ಲ. ಹೊಸ ಕಾರ್ಡಿಗೆ ಒಗ್ಗಬೇಕೆಂದರೆ ಡಿಸ್ಕನ್ನು ಬುಡದಿಂದ ಫಾರ್ಮ್ಯಾಟ್ ಮಾಡಬೇಕು, ಹಳೆಯದೆಲ್ಲ ಅಳಿಸಿಹೋಗಬೇಕು.

ಇದೇ ಹರಪನಹಳ್ಳಿ ಸಿದ್ಧಾಂತ. ಬಳ್ಳಾರಿಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರ ಜಿಲ್ಲೆ ಸೇರಿತು. ತಾಲ್ಲೂಕಿನ ಉಚ್ಚಂಗಿದುರ್ಗ ಇದ್ದಲ್ಲೇ ಇದೆ, ಬದಲಾದದ್ದು ಕಂಟ್ರೋಲರ್. 2013ರಲ್ಲಿ ಬಳ್ಳಾರಿಯೂ ಸೇರಿದ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದಾಗ ಕೂಡ್ಲಿಗಿಯ ಹುಡುಗನಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ. ಆಗ ದಾವಣಗೆರೆಯಲ್ಲಿದ್ದ ಪಕ್ಕದ ಹರಪನಹಳ್ಳಿಯ ಹುಡುಗನಿಗೆ ಇರಲಿಲ್ಲ. ಅದೇ ಬರ, ಅದೇ ಮೆಕ್ಕೆಜೋಳ, ಕಾರ್ಡು ಬೇರೆ! ಇದಕ್ಕೆ ಯಾವ ತಾತ್ವಿಕ ಚೌಕಟ್ಟೂ ಬೇಕಿಲ್ಲ, ಹೊಟ್ಟೆ ಉರಿದರೆ ಸಾಕು.

ಮತ್ತೆ ಪ್ರಬಂಧಕ್ಕೆ. ಮುಂದೆ ಐಡಿಇ ಎಂಬ ಹೊಸ ಬಗೆ ಬಂದು ಕಂಟ್ರೋಲರ್ ಡಿಸ್ಕಿನ ಮೈಮೇಲೆಯೇ ಕೂತಿತು. ಹಳೆಯ ಕಾರ್ಡು ಅನಾಥವಾಯಿತು. ಸ್ಮೃತಿಕೋಶ, ಸಂಕಥನ ಎಂದು ಗಂಟೆಗಟ್ಟಲೆ ಕೊರೆಯುವವರೇ ಕೋಣೆ ಖಾಲಿ ಮಾಡುವ ದಿನ ಡಿಸ್ಕನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು, ಕಾರ್ಡನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಬೀಗ ಹಾಕಿದ್ದು ಯಾವುದಕ್ಕೆ? ಓದಲಾಗದ ತಟ್ಟೆಗೆ. ಅದರಲ್ಲಿ ಹಡಗಲಿ ಸೀಮೆಯ ಮೈಲಾರದ ಗೊರವರ ಹಾಡುಗಳಿರಬಹುದು, ಯಾರದೋ ಹತ್ತು ವರ್ಷದ ಕ್ಷೇತ್ರಕಾರ್ಯ ಇರಬಹುದು. ಹಾಡಿದ ಅಜ್ಜಂದಿರು ಈಗ ಇಲ್ಲ. ಇನ್ನೊಮ್ಮೆ ಕೇಳಿ ಬರೆದುಕೊಳ್ಳುವ ದಾರಿಯೂ ಇಲ್ಲ.

ಹಳೆಯ ಕಂಪ್ಯೂಟರ್ ಬಿಚ್ಚುವವರಲ್ಲಿ ವಿನಂತಿ: ಡಿಸ್ಕು, ಅದರದೇ ಕಾರ್ಡು, ಎರಡು ಕೇಬಲ್ಲು, ಈ ನಾಲ್ಕನ್ನೂ ಒಂದೇ ಚೀಲದಲ್ಲಿ ಕಟ್ಟಿಡಿ. ಯಾವ ಕಂಪ್ಯೂಟರಿನದು ಎಂದು ಚೀಟಿಯನ್ನೂ ಬರೆದು ಹಾಕಿ.