ತೃತೀಯ ಭಾಷೆ: ಆಟೊಮೊಬೈಲ್

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಮಕ್ಕಳು ಹೆದರಿಕೊಂಡು ಓದುತ್ತಾರೆ, ಹೆತ್ತವರು ಇನ್ನೂ ಹೆದರಿಕೊಂಡು ಓದುತ್ತಾರೆ. ನಗುತ್ತ ಓದಿದವರನ್ನು ನಾನು ಕಂಡಿಲ್ಲ. ತೃತೀಯ ಭಾಷೆಯ ದಿನದ ಸಾಲಿಗೆ ಬನ್ನಿ: ಹಿಂದಿ, ಕನ್ನಡ, ಇಂಗ್ಲಿಷ್, ಅರೇಬಿಕ್, ಪರ್ಷಿಯನ್, ಉರ್ದು, ಸಂಸ್ಕೃತ, ಕೊಂಕಣಿ, ತುಳು. ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಅದೇ ದಿನ, ಅದೇ ಹೊತ್ತಿಗೆ ಇನ್ನಷ್ಟು ಇವೆ: ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್. ಪಾಣಿನಿಯ ಪಕ್ಕದ ಬೆಂಚಿನಲ್ಲೇ ಪಿಸ್ಟನ್ನು ಕೂತು ಪರೀಕ್ಷೆ ಬರೆಯುತ್ತದೆ.

ಇದರ ಹಿಂದೆ ದೊಡ್ಡ ಪಿತೂರಿಯೇನೂ ಇಲ್ಲ, ಜಾಗದ ಅಭಾವ ಅಷ್ಟೆ. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಂಬ ಎನ್‌ಎಸ್‌ಕ್ಯೂಎಫ್ ತಂದಿತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಸುಬು ಕಲಿಸಬೇಕು ಅಂದಿತು. ಕಲಿಸಬಹುದು, ಆದರೆ 625 ಅಂಕಗಳ ಆಸ್ತಿ ಆಗಲೇ ಪಾಲಾಗಿ ಹೋಗಿತ್ತು. ಪ್ರಥಮ ಭಾಷೆಗೆ 125, ಮಿಕ್ಕ ಐದು ವಿಷಯಕ್ಕೆ ತಲಾ ನೂರು. ಗಣಿತವನ್ನು ಎಬ್ಬಿಸಿದರೆ ಎಂಜಿನಿಯರ್ ಆಗಬೇಕಾದ ಮಗನ ಅಪ್ಪ ಸುಮ್ಮನಿರುವುದಿಲ್ಲ. ಕನ್ನಡವನ್ನು ಮುಟ್ಟಿದರೆ ಬೀದಿಯಲ್ಲಿ ಧರಣಿ. ಉಳಿದದ್ದು ತೃತೀಯ ಭಾಷೆಯ ಶೆಡ್ಡು. ಗಾಡಿಯನ್ನು ಹಿಂದೆ ತೆಗೆದು ಅಲ್ಲೇ ನಿಲ್ಲಿಸಿದರು.

ನಿಲ್ಲಿಸಿದ್ದು ಮಾತಿಗೆ. ಎಷ್ಟೋ ಕಡೆ ಗಾಡಿ ಇರುವುದು ಗೋಡೆಯ ಚಾರ್ಟಿನಲ್ಲಿ. ಸಕ್ಷನ್, ಕಂಪ್ರೆಷನ್, ಪವರ್, ಎಕ್ಸಾಸ್ಟ್ ಎಂದು ನಾಲ್ಕು ಸ್ಟ್ರೋಕುಗಳನ್ನು ಪಕ್ಕದ ಕೋಣೆಯ ರಾಮಃ ರಾಮೌ ರಾಮಾಃ ಧಾಟಿಯಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಭಾಷೆಯ ಜಾಗದಲ್ಲಿ ಕೂತಮೇಲೆ ಎಂಜಿನ್ನಿಗೂ ಭಾಷೆಯ ಗತಿಯೇ ಬಂತು: ಕಂಠಪಾಠ, ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ.

ಈಗ ಕೊಡಗಿನ ಮೂರ್ನಾಡಿಗೆ ಬನ್ನಿ. ಒಂದು ರಸ್ತೆ ಮಡಿಕೇರಿಗೆ, ಒಂದು ಬೇತ್ರಿಯಲ್ಲಿ ಕಾವೇರಿ ದಾಟಿ ವಿರಾಜಪೇಟೆಗೆ, ಮತ್ತೊಂದು ನಾಪೋಕ್ಲಿಗೆ. ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುವ ಒಂಬತ್ತನೇ ತರಗತಿಯ ಹುಡುಗನನ್ನು ಮಾತಿಗೆ ಎಳೆಯಿರಿ. ಮನೆಯ ಕಳೆ ಮಿಷನ್ನು ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ ಬಿಚ್ಚಬೇಕೋ ಕಾರ್ಬೊರೇಟರೋ ಎಂಬುದು ಅವನಿಗೆ ಗೊತ್ತು. ಕೊಯ್ಲಿನ ದಿನಗಳಲ್ಲಿ ಕಾಫಿ ಚೀಲ ಹೇರಿಕೊಂಡ ಜೀಪನ್ನು ತೋಟದಿಂದ ಕಣದವರೆಗೆ, ಜಾರುವ ಮಣ್ಣಿನಲ್ಲಿ, ಫೋರ್ ವೀಲ್ ಹಾಕಿ ತಂದವನು ಅವನು. ಶಾಲೆಯಲ್ಲಿ ಅವನು 'ಕ್ಲಚ್ಚಿನ ಉಪಯೋಗಗಳನ್ನು ಬರೆಯಿರಿ' ಪ್ರಶ್ನೆಗೆ ಮೂರರಲ್ಲಿ ಒಂದು ಅಂಕ ತೆಗೆಯುತ್ತಾನೆ.

ಅಪ್ಪನನ್ನು ಕರೆಸುತ್ತಾರೆ. ಸಂಭಾಷಣೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

"ನಿಮ್ಮ ಮಗನಿಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ."

"ಎಂತ ಸಾರ್, ಈಗ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದದ್ದೇ ಅವ!"

ಆಗ ಮೇಷ್ಟ್ರು ಮಾತಿನ ಗೇರು ಬದಲಾಯಿಸಬೇಕಾಗುತ್ತದೆ. ಯಾಕೆಂದರೆ ಕಾನೂನು ಬೇರೆಯೇ ಇದೆ. ಹದಿನೆಂಟು ತುಂಬದೆ ಲೈಸೆನ್ಸಿಲ್ಲ. 16ಕ್ಕೆ 50 ಸಿಸಿ ಮೀರದ ದ್ವಿಚಕ್ರ ವಾಹನ ಓಡಿಸಬಹುದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅಂಥ ಗಾಡಿಯನ್ನು ಯಾವ ಶೋರೂಮಿನಲ್ಲಿ ಹುಡುಕಬೇಕು ಅನ್ನುವುದಿಲ್ಲ. 2019ರ ತಿದ್ದುಪಡಿ ಸೇರಿಸಿದ 199ಎ ಕಲಮಿನ ಪ್ರಕಾರ ಹುಡುಗ ಸಿಕ್ಕಿಬಿದ್ದರೆ ಪೋಷಕನಿಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸಿಲ್ಲ. ಕಾನೂನು ಸರಿಯಾಗಿಯೇ ಇದೆ, ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಹದಿನೈದರ ಹುಡುಗರು ಬೈಕು ಮಲಗಿಸುವುದನ್ನು ನೋಡಿದವರಾರೂ ತಕರಾರು ಮಾಡಲಾರರು. ನನ್ನ ತಕರಾರು ಬೇರೆ. ಹದಿನಾಲ್ಕಕ್ಕೆ ಆಟೊಮೊಬೈಲ್ ಪಾಠ ಶುರುಮಾಡುವ ಸರ್ಕಾರ ಹದಿನೆಂಟರ ತನಕ ಸ್ಟಿಯರಿಂಗ್ ಮುಟ್ಟಬೇಡ ಅನ್ನುತ್ತದೆ, ನಡುವಿನ ನಾಲ್ಕು ವರ್ಷಕ್ಕೆ ರಸ್ತೆ ಸುರಕ್ಷತೆಯ ಚಿತ್ರಕಲಾ ಸ್ಪರ್ಧೆ ಇಟ್ಟಿದೆ. ಹೆಲ್ಮೆಟ್ಟಿನ ಚಿತ್ರಕ್ಕೆ ಮೊದಲ ಬಹುಮಾನ ಬಂದ ಹುಡುಗ ಸರ್ಟಿಫಿಕೇಟನ್ನು ಅಂಗಿಯೊಳಗೆ ತುರುಕಿ, ಶಾಲೆಯ ಗೇಟಿನಾಚೆ ಅಂಗಡಿ ಹಿಂದೆ ನಿಲ್ಲಿಸಿದ ಸ್ಕೂಟರ್ ಹತ್ತಿ, ಹೆಲ್ಮೆಟ್ಟಿಲ್ಲದೆ ಮನೆಗೆ ಹೋಗುತ್ತಾನೆ.

ಭಾಷೆಯ ಕಥೆ ಇದಕ್ಕಿಂತ ಚೆಂದ. ಆ ಹುಡುಗ ಮನೆಯಲ್ಲಿ ಕೊಡವ ತಕ್ಕ್ ಆಡುತ್ತಾನೆ, ಪಕ್ಕದ ಮನೆಯವರ ಜೊತೆ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಮೇಷ್ಟ್ರ ಎದುರು ಕನ್ನಡ, ತೋಟದ ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೆಲಸಗಾರರ ಜೊತೆ ಹಿಂದಿ. ಕೊಡವ ಭಾಷೆಗೆ 1994ರಿಂದ ಅಕಾಡೆಮಿ ಇದೆ, ಅರೆಭಾಷೆಗೆ 2011ರಿಂದ ಇದೆ, ಎರಡೂ ಮಡಿಕೇರಿಯಲ್ಲೇ. ತೃತೀಯ ಭಾಷೆಯ ಆ ಸಾಲಿನಲ್ಲಿ ಮಾತ್ರ ಎರಡೂ ಇಲ್ಲ. ಆಟೊಮೊಬೈಲ್ ಇದೆ. ಅಕಾಡೆಮಿ, ಅಧ್ಯಕ್ಷರು, ಪ್ರಶಸ್ತಿ ಏನೂ ಇಲ್ಲದೆ ಪರೀಕ್ಷಾ ಮಂಡಳಿಯ ಪಟ್ಟಿ ಸೇರಿಕೊಂಡ ಅದರ ಚಾಲಾಕಿತನವನ್ನು ನಮ್ಮ ಭಾಷಾ ಹೋರಾಟಗಾರರು ಅಧ್ಯಯನ ಮಾಡುವುದು ಒಳ್ಳೆಯದು.

ಹಿಂದಿಯಲ್ಲಿ ಫೇಲಾದವರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದರೆ, ಕೆಲವರು ಮಾಂದಲ್‌ಪಟ್ಟಿಗೆ. ಅಲ್ಲಿ ಜೀಪು ಬಾಡಿಗೆಗೆ ಬಿಡುತ್ತಾರೆ. ಪುಣೆಯಿಂದಲೋ ಹೈದರಾಬಾದಿನಿಂದಲೋ ಬಂದ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು, ಮಂಜಿನಲ್ಲಿ ಏರು ಹತ್ತಿಸುತ್ತ, ದಿನವಿಡೀ ಹಿಂದಿಯಲ್ಲಿ ದರ ಮಾತಾಡುತ್ತಾರೆ, ಆನೆಯ ಕಥೆ ಕಟ್ಟುತ್ತಾರೆ. ಲಿಂಗ ತಪ್ಪುತ್ತದೆ, ದುಡ್ಡು ತಪ್ಪುವುದಿಲ್ಲ. ಗಾಡಿಯನ್ನು ತೋಟದಲ್ಲಿ ಕಲಿತರು, ಹಿಂದಿಯನ್ನು ಗಾಡಿಯಲ್ಲಿ ಕಲಿತರು. ಎರಡನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಪರೀಕ್ಷೆ ಮಾಡಿದ ಶಾಲೆ ಎರಡನ್ನೂ ಕಲಿಸಲಿಲ್ಲ.

ಕಸುಬಿನ ಪಾಠ ನಮ್ಮಲ್ಲಿ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಚರಕದ ಮೂಲಕ ಶಿಕ್ಷಣ ಎಂದರು. ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ಎಸ್‌ಯುಪಿಡಬ್ಲ್ಯು ಎಂದಿತು. ಅದು ನಮ್ಮ ಕಾಲದ ಮಕ್ಕಳಿಗೆ ಶಾಲೆಯ ಸುತ್ತ ಹುಲ್ಲು ಕೀಳುವುದಾಗಿ, ಹೆಡ್ಮಾಸ್ಟರ ಗುಲಾಬಿ ಗಿಡಕ್ಕೆ ನೀರು ಹಾಕುವುದಾಗಿ ತಲುಪಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ಲಸ್ ಟೂ ಮಕ್ಕಳಲ್ಲಿ 1990ಕ್ಕೆ ಶೇ. 10, 1995ಕ್ಕೆ ಶೇ. 25 ಮಂದಿಗೆ ವೃತ್ತಿ ಶಿಕ್ಷಣ ಎಂದು ಗುರಿ ಹಾಕಿತು. ಗುರಿ ತಪ್ಪಿತು. ತಪ್ಪಿದ ಗುರಿಯನ್ನು ದೊಡ್ಡದು ಮಾಡುವುದು ಇಲಾಖೆಗಳ ಹಳೆಯ ಚಾಳಿ. 2020ರ ನೀತಿ 2025ಕ್ಕೆ ಕಡೇಪಕ್ಷ ಶೇ. 50 ಎಂದಿತು. 2025 ಬಂತು, ಹೋಯಿತು. ಈ ನಡುವೆ ಎಷ್ಟೋ ಶಾಲೆಗಳ ಹೊಲಿಗೆ ಟೀಚರ್ ನಿವೃತ್ತರಾದರು, ಹೊಲಿಗೆ ಮಿಷನ್ನು ಬಿಸಿಯೂಟದ ಕೋಣೆ ಸೇರಿ ಅದರ ಮೇಲೆ ಬೇಳೆ ಡಬ್ಬಿ ಕೂತಿತು.

ಆದರೂ ಒಂದು ವರ್ಗಕ್ಕೆ ಭಾಷೆ, ಡ್ರೈವಿಂಗ್, ಕೈಕೆಲಸ ಮೂರರಲ್ಲೂ ಸರ್ಕಾರ ಭರ್ಜರಿ ತರಬೇತಿ ಕೊಟ್ಟದ್ದನ್ನು ಮರೆಯಬಾರದು. ಅವರು ಮೇಷ್ಟ್ರುಗಳು. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳಲು ಮೇಷ್ಟ್ರು ಸ್ಕೂಟರ್ ಹತ್ತಿದರು. ತೋಟದ ಮನೆಗಳೆಂದರೆ ಒಂದರಿಂದ ಇನ್ನೊಂದಕ್ಕೆ ಒಂದು ಗುಡ್ಡ. ವಿದ್ಯುತ್ ಮೀಟರಿನ ಜಾಡು ಹಿಡಿದು ಆ್ಯಪ್ ತೋರಿಸಿದ ದಾರಿ ಗದ್ದೆಯ ಬದುವಿಗೆ ಬಂದು ನಿಂತರೆ ಇಳಿದು ತಳ್ಳಬೇಕು: ಇದು ಡ್ರೈವಿಂಗ್. ಅರವತ್ತು ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಕನ್ನಡದಲ್ಲಿ, ಮುಂದಿನದರಲ್ಲಿ ಮಲಯಾಳದಲ್ಲಿ, ಲೈನ್ ಮನೆಯಲ್ಲಿ ಕೈಸನ್ನೆಯಲ್ಲಿ ಕೇಳಬೇಕು: ಇದು ಭಾಷೆ. ನೆಟ್‌ವರ್ಕಿಗಾಗಿ ಮೊಬೈಲನ್ನು ಸಿಲ್ವರ್ ಮರಕ್ಕೆ ಕಟ್ಟಿ ಓಟಿಪಿ ಬರಿಸಬೇಕು: ಇದು ವರ್ಕ್‌ಶಾಪ್. ದಸರಾ ರಜೆ ಅಕ್ಟೋಬರ್ 18ರವರೆಗೆ ಲಂಬಿಸಿತು. ಶಿಕ್ಷಕರು ಪ್ರಾಯೋಗಿಕ ತರಗತಿ ಮುಗಿಸಿ ಬಂದಾಗ ಹತ್ತನೆಯವರ ಪಾಠ ಹಿಂದೆ ಬಿದ್ದಿತ್ತು, ಅದಕ್ಕೆ ವಿಶೇಷ ತರಗತಿ ಇಡಬೇಕಾಯಿತು. ಕೈಕೆಲಸದ ಪೀರಿಯಡ್ಡಿನಿಂದ ಕಡ ತೆಗೆದು.

ಈಗ ತೃತೀಯ ಭಾಷೆಯ ಆ ಶೆಡ್ಡಿಗೇ ಸಂಚಕಾರ ಬಂದಿದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು ಎರಡು ಭಾಷೆ ಸಾಕು ಎಂದಿತು. ಹಿಂದಿ ಬೇಕೋ ಬೇಡವೋ ಎಂದು ಊರೆಲ್ಲ ಚರ್ಚೆ. ತೃತೀಯ ಭಾಷೆ ಹೋದರೆ ಅದರ ಜಾಗದಲ್ಲಿ ನಿಂತ ಗಾಡಿ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಯಾವುದಾದರೂ ಸ್ಟಾಫ್ ರೂಮನ್ನು ಕಲ್ಪಿಸಿಕೊಳ್ಳಿ. ಹಿಂದಿ ಮೇಡಂ ಮನವಿಪತ್ರ ತಯಾರಿಸಿದ್ದಾರೆ. ಶಿಕ್ಷಕರ ಸಂಘ ಅವರ ಬೆನ್ನಿಗಿದೆ, ಕಾಯಂ ನೌಕರಿ, ಇನ್‌ಕ್ರಿಮೆಂಟು ಎಲ್ಲ ಇದೆ. ಮೂಲೆಯಲ್ಲಿ ಹೊರಗುತ್ತಿಗೆಯ ಆಟೊಮೊಬೈಲ್ ತರಬೇತುದಾರ ಕೂತಿದ್ದಾನೆ. ಮೇಡಂ ಪೆನ್ನು ಚಾಚುತ್ತಾರೆ.

"ನಿಮ್ಮದೂ ಒಂದು ಸೈನ್ ಇರಲಿ ಸಾರ್. ನೀವೂ ತೃತೀಯ ಭಾಷೆಯವರೇ ಅಲ್ವಾ?"

"ಹಾಕಬಹುದಿತ್ತು ಮೇಡಂ. ಈ ವರ್ಷ ನಾನು ಇದ್ದೇನಾ ಇಲ್ವಾ ಅಂತ ಏಜೆನ್ಸಿಯವರು ಇನ್ನೂ ಹೇಳಿಲ್ಲ."