ಭಜಿಬಂಡಿ ಪಾಲುದಾರಿಕೆ: ಒಂದು ಉದ್ರಿಮೀಮಾಂಸೆ

ಕೊಡೇಕಲ್ ಬಸವಣ್ಣನ ಜಾತ್ರೆಯಲ್ಲಿ ಮಾವ, ಅಳಿಯ ಕೂಡಿ ಮಿರ್ಚಿಭಜಿ ಬಂಡಿ ಹಚ್ಚಿದರೆಂದು ಇಟ್ಟುಕೊಳ್ಳೋಣ. ಮಾವನದು ಬಂಡಿ, ಕಡಾಯಿ, ಅಳಿಯನದು ರಟ್ಟೆ. ಕಾಗದವಿಲ್ಲ, ದೇವರ ಮುಂದೆ ಕಾಯಿ ಒಡೆದದ್ದೇ ಕರಾರು.

ಇದು ಪಾಲುದಾರಿಕೆಯೇ? ಹೌದು. 1932ರ ಪಾಲುದಾರಿಕೆ ಕಾಯ್ದೆಯ 4ನೆಯ ಕಲಮಿನಂತೆ, ಎಲ್ಲರೂ ಅಥವಾ ಎಲ್ಲರ ಪರವಾಗಿ ಯಾರಾದರೂ ನಡೆಸುವ ವ್ಯಾಪಾರದ ಲಾಭ ಹಂಚಿಕೊಳ್ಳಲು ಒಪ್ಪಿದರೆ ಸಾಕು. (1932ರಲ್ಲಿ ಈ ಸೀಮೆ ನಿಜಾಮರದು, ಕಾಯ್ದೆ ಬ್ರಿಟಿಷ್ ಭಾರತದ್ದು. ಅಂದಿನ ಭಜಿ ಪ್ರಸ್ತುತ ಸಂಶೋಧನೆಯ ವ್ಯಾಪ್ತಿಗೆ ಬರದು.) ದಿನಾ ಎರಡು ಪ್ಲೇಟು ಪುಕ್ಕಟೆ ತಿನ್ನುವ ಬೀಗರೂ ಪಾಲುದಾರರೇ? ಅಲ್ಲ. ನಿಜವಾದ ಸಂಬಂಧ ನೋಡಿ ತೀರ್ಮಾನಿಸಬೇಕೆಂದು 6ನೆಯ ಕಲಂ ಹೇಳುತ್ತದೆ. ಬೀಗರದು ಬರೀ ಹೊಟ್ಟೆಯ ಸಂಬಂಧ. ಉರಿಯ ಮುಂದೆ ನಿಂತವನಿಗೆ ಪಗಾರ? ಬೇರೆ ಕರಾರಿಲ್ಲದಿದ್ದರೆ ಇಲ್ಲ. ಲಾಭವೂ ಲುಕ್ಸಾನವೂ ಸಮಪಾಲು. ಅಳಿಯನ ಮುಖ ಬಾಡುವುದು ಈ 13ನೆಯ ಕಲಮಿನಲ್ಲಿ.

ಇನ್ನು ಶಾಸ್ತ್ರದ ಗರ್ಭಗುಡಿ, ಉದ್ರಿ. ಎಣ್ಣೆಡಬ್ಬಿ ಉದ್ರಿ ತಂದವನು ಮಾವ. ಜಾತ್ರೆ ಮುಗಿದ ಮರುದಿನ ಕಿರಾಣಿಯವ ಹಿಡಿದದ್ದು ಅಳಿಯನನ್ನು.

"ಎಣ್ಣಿ ತಂದವ್ರು ನಮ್ಮ ಮಾವರ್ರಿ, ನನಗೇನ್ ಗೊತ್ತು?"

"ಭಜಿ ಕರದಿದ್ದು ಯಾವ ಎಣ್ಣ್ಯಾಗಪಾ?"

18, 19, 25ನೆಯ ಕಲಮುಗಳ ಮೇಲೆ ಇದಕ್ಕಿಂತ ಸಂಕ್ಷಿಪ್ತ ಭಾಷ್ಯ ಈ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ವ್ಯಾಪಾರದ ಮಟ್ಟಿಗೆ ಪ್ರತಿ ಪಾಲುದಾರನೂ ಸಂಸ್ಥೆಯ ಏಜೆಂಟ್. ಒಬ್ಬ ಮಾಡಿದ ಸಾಲವನ್ನು ಪೂರ್ತಿಯಾಗಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು.

ಬರಬೇಕಾದ ಬಾಕಿಯ ಗತಿ ಬೇರೆ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದ ಬರಹ: "ಟ್ರ್ಯಾಕ್ಟರ್‌ನಾಂವ 340. ಕೆಂಪು ಟವೆಲ್ 90." ನೋಂದಣಿಯಿಲ್ಲದ ಸಂಸ್ಥೆ ಗಿರಾಕಿಯ ಮೇಲೆ ಕರಾರಿನ ದಾವೆ ಹೂಡುವಂತಿಲ್ಲ ಎಂಬುದು 69ನೆಯ ಕಲಂ. ಅದರಲ್ಲೇ, ಕೆಲವು ಷರತ್ತಿನೊಂದಿಗೆ, 100 ರೂಪಾಯಿ ಮೀರದ ದಾವೆಗೆ ವಿನಾಯಿತಿ. ಅಂದರೆ ಕೆಂಪು ಟವೆಲ್ ಕೋರ್ಟಿಗೆ ಹೆದರಬೇಕು, ಟ್ರ್ಯಾಕ್ಟರ್‌ನವ ನಿಶ್ಚಿಂತ. ಬಲ್ಲ ಗಿರಾಕಿ ಇನ್ನೊಂದು ಪ್ಲೇಟು ಹೇಳಿ ನೂರು ದಾಟಿಸುತ್ತಾನೆ.

ಮುನಿಸು ಬಂದು ಬಂಡಿ ಮುರಿಯಬೇಕಾದರೆ? ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು 43ನೆಯ ಕಲಮಿನಂತೆ ಲಿಖಿತ ನೋಟಿಸು ಕೊಟ್ಟು ವಿಸರ್ಜಿಸಬಹುದು. ಕೂಡುವಾಗ ಕೇಳದ ಕಾಗದವನ್ನು ಕಾಯ್ದೆ ಬಿಡುವಾಗ ಕೇಳುತ್ತದೆ. ವಿಸರ್ಜನೆಯ ಲೆಕ್ಕ ಕೇಳುವ ದಾವೆಗೆ ಮಾತ್ರ ನೋಂದಣಿಯ ಅಡ್ಡಿಯಿಲ್ಲ.

ಸಿದ್ಧಾಂತ: ಅಳಿಯ ಎಣ್ಣೆಯ ಬಾಕಿ ಪೂರ್ತಿ ತುಂಬತಕ್ಕದ್ದು, ಅರ್ಧ ಮಾವನಿಂದ ಕೇಳತಕ್ಕದ್ದು. ಕೇಳಿದ ರಾತ್ರಿ ಮನೆಯಲ್ಲಿ ಊಟ ಸಿಗುವುದೋ ಇಲ್ಲವೋ, 1932ರ ಕಾಯ್ದೆಯಲ್ಲಿ ಅದಕ್ಕೆ ಕಲಂ ಇಲ್ಲ.